ಮಗಳ ಎರಡನೇ ಪದವಿ ಸಮಾರಂಭಕ್ಕೆ ಅಪ್ಪನ ವಿರೋಧ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಟೆಕ್ಸಾಸಿನ ಸರ್ಕಾರಿ ವಿಶ್ವವಿದ್ಯಾಲಯವೊಂದರ ಕೊನೆಯ ವರ್ಷದ ವಿದ್ಯಾರ್ಥಿನಿ, ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಿದ್ದಳು. ಹುಟ್ಟಿ ಬೆಳೆದದ್ದು ಅಲ್ಲೇ, ಮನೆಮಾತು ಕನ್ನಡ. ಮುಖ್ಯ ಘಟಿಕೋತ್ಸವದ ಜೊತೆಗೆ ಏಷ್ಯಾ ಮೂಲದ ವಿದ್ಯಾರ್ಥಿಗಳಿಗೆಂದೇ ಇನ್ನೊಂದು ಪದವಿ ಸಂಭ್ರಮ ಏರ್ಪಡಿಸುವ ಗುಂಪಿನಲ್ಲಿ ಇವಳೂ ಇದ್ದಳು. ಅದು ಗೊತ್ತಾದ ದಿನದಿಂದ ಅಪ್ಪ ಮಾತು ಬಿಟ್ಟಿದ್ದರು. "ಇದು ಜನರನ್ನ ಬೇರೆ ಬೇರೆ ಕೂರಿಸೋದು ಅಂತ ಟಿವಿಯಲ್ಲಿ ಬೈಯುವವರ ಮಾತನ್ನೇ ಅಪ್ಪ ಆಡ್ತಾರೆ ಮೇಡಂ" ಎಂದು ಅತ್ತಳು.

ಅವಳ ಹಟಕ್ಕೆ ಹಿನ್ನೆಲೆಯಿತ್ತು. 2024ರ ಜನವರಿ 1ರಂದು ಜಾರಿಗೆ ಬಂದ ಎಸ್‌ಬಿ 17 ಕಾನೂನಿನಿಂದ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳ ಡಿಇಐ (ವೈವಿಧ್ಯ, ಸಮಾನತೆ, ಒಳಗೊಳ್ಳುವಿಕೆ) ಕಚೇರಿಗಳು ಮುಚ್ಚಿದವು, ಇಂಥ ಸಂಭ್ರಮಗಳಿಗೆ ಬರುತ್ತಿದ್ದ ಹಣವೂ ನಿಂತಿತು. 2025ರಲ್ಲಿ ಖಾಸಗಿ ಹಾರ್ವರ್ಡ್ ವಿಶ್ವವಿದ್ಯಾಲಯ ಕೂಡ ಇವನ್ನು ಕೈಬಿಟ್ಟಿತು. ಹಲವೆಡೆ ಹುಡುಗರೇ ಚಂದಾ ಎತ್ತಿ ಹೊರಗೆ ಹಾಲ್ ಹಿಡಿದರು. ಇವಳ ಗುಂಪೂ ಅದನ್ನೇ ಮಾಡುತ್ತಿತ್ತು.

ಅಪ್ಪನನ್ನು ಬೇರೆಯಾಗಿ ಮಾತಾಡಿಸಿದೆ. ಉತ್ತರ ಕರ್ನಾಟಕದ ಹಳ್ಳಿಯ ದಲಿತ ಕುಟುಂಬದವರು. ಬಹಳ ಹೊತ್ತು ಕಾನೂನಿನ ಮಾತೇ ಆಡಿದರು. ಆಮೇಲೆ ತಡೆದು ತಡೆದು ಹೇಳಿದರು: "ಊರಾಗಿನ ಹೋಟೆಲಿನ್ಯಾಗ ನಮ್ಮ ಚಾದ ಕಪ್ಪು ಹೊರಗ ಇರ್ತಿತ್ರಿ. ಮದುವ್ಯಾಗ ಎಲ್ಲಾರೂ ಉಂಡ ಮ್ಯಾಲ ನಮ್ಮ ಸಾಲು. ನನ್ನ ಮಗಳು ತಾನಾಗೇ ಬ್ಯಾರೆ ಕುಂದ್ರತೀನಿ ಅಂದ್ರ ನಾ ಹ್ಯಾಂಗ ನೋಡ್ಲಿ?" ಇದನ್ನು ಮಗಳಿಗೆ ಅವರು ಒಮ್ಮೆಯೂ ಹೇಳಿರಲಿಲ್ಲ. ಅಮೆರಿಕದಲ್ಲಿ ಜಾತಿ ಗೊತ್ತಾಗದಿರಲೆಂದು ಹೆಂಡತಿಗೂ ಬಾಯಿಬಿಡದಂತೆ ಹೇಳಿದ್ದರು.

ಅವರ ಭಯವನ್ನು ತಪ್ಪು ತಿಳಿವಳಿಕೆ ಎಂದು ನಾನು ತಳ್ಳಿಹಾಕಲಿಲ್ಲ. ಗುಂಪು ಕಟ್ಟಿದಲ್ಲಿ ಒಳಗಿನವರು, ಹೊರಗಿನವರು ಎಂಬ ಗೆರೆ ಬೀಳುವುದು ನಿಜ. ಆ ದೇಸಿ ಕೂಟದಲ್ಲೇ ಯಾರಾದರೂ ಇವಳ ಮನೆತನ ಕೆದಕಬಹುದು. ಆದರೂ ಅವರು ಕಂಡ ಸಾಲನ್ನು ಬೇರೆಯವರು ಹಾಕಿದ್ದರು, ಎದ್ದು ಬರುವಂತಿರಲಿಲ್ಲ. ಮಗಳಾದರೋ ಎಲ್ಲರ ಜೊತೆ ಮುಖ್ಯ ಘಟಿಕೋತ್ಸವದಲ್ಲಿ ನಿಂತ ಮೇಲೆ ಇಲ್ಲಿಗೆ ತಾನಾಗಿ ಬರುತ್ತಾಳೆ, ಬಯಸಿದ ಯಾರೂ ಬರಬಹುದು. 1995ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಲಿಂಗಿ ಮತ್ತಿತರ ಲೈಂಗಿಕ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಾಗಿ ಲ್ಯಾವೆಂಡರ್ ಎಂಬ ಪದವಿ ಸಂಭ್ರಮ ಶುರುಮಾಡಿದ ರಾನಿ ಸ್ಯಾನ್ಲೊ ಸಲಿಂಗಿಯೆಂಬ ಕಾರಣಕ್ಕೆ ಸ್ವಂತ ಮಕ್ಕಳ ಪದವಿ ಸಮಾರಂಭಕ್ಕೇ ಹೋಗಲಾಗದವರು. ಇದನ್ನು ಹೇಳಿದಾಗ ಅಪ್ಪ ಗಮನವಿಟ್ಟು ಕೇಳಿದರು, ಒಪ್ಪಲಿಲ್ಲ.

ಅವರಿಗೆ ಹೇಳಿದ್ದು: "ಹಾಲಿಗೆ ಬರುವುದೂ ಬಿಡುವುದೂ ನಿಮ್ಮಿಷ್ಟ. ಆದರೆ ಯಾಕೆ ಬರಲಾರಿರಿ ಅನ್ನೋದನ್ನ ಮಗಳಿಗೆ ನಿಮ್ಮ ಬಾಯಿಂದಲೇ ಹೇಳಿ. ಕಾನೂನಿನ ಮಾತು ಬೇಡ, ಆ ಚಹಾ ಕಪ್ಪಿನ ಮಾತು ಹೇಳಿ." ಅವರ ಗುಟ್ಟು ನಾನು ಹೇಳುವಂಥದ್ದಲ್ಲ. ಮಗಳಿಗೆ ಇಷ್ಟೇ ಹೇಳಿದೆ: "ಕಾರ್ಯಕ್ರಮ ಬಿಡಬೇಡ. ಅಪ್ಪ ಮಾತಿಗೆ ಕೂತಾಗ ನಡುವೆ ವಾದ ಹೂಡಬೇಡ. ಅವರು ಬರದಿದ್ದರೆ ಅದನ್ನು ನಿನ್ನ ಮೇಲಿನ ಪ್ರೀತಿಯ ಲೆಕ್ಕಕ್ಕೆ ಹಚ್ಚಬೇಡ."

ಮುಖ್ಯ ಘಟಿಕೋತ್ಸವಕ್ಕೆ ಅಪ್ಪ, ತಾಯಿ ಇಬ್ಬರೂ ಹೋದರು. ಮಗಳ ಸಂಭ್ರಮಕ್ಕೆ ತಾಯಿ ಮಾತ್ರ. ಹಿಂದಿನ ರಾತ್ರಿ ಅಪ್ಪ ಹೋಟೆಲಿನ ಕಥೆ ಹೇಳಿದ್ದರು. ಮದುವೆಯದು ಇನ್ನೂ ಹೇಳಿಲ್ಲ. ಅದಕ್ಕಾಗಿ ತಂದೆ-ಮಗಳು ಒಟ್ಟಿಗೆ ಕೂರುವ ಭೇಟಿಯನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡಿದ್ದೇವೆ.