ಉ: ಜಾನ್ ಜೇ ಅವರಿಗೆ ಸ್ಪೇನ್ ಮನ್ನಣೆ ಕೊಡಲಿಲ್ಲವೇಕೆ?
ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸ್ಪೇನ್ ಕೂಡ ಬ್ರಿಟನ್ನಿನ ವಿರುದ್ಧವೇ ಹೋರಾಡುತ್ತಿದ್ದಾಗ ಅಮೆರಿಕದ ಪ್ರತಿನಿಧಿ ಜಾನ್ ಜೇ ಅವರನ್ನು ಅಧಿಕೃತವಾಗಿ ಬರಮಾಡಿಕೊಳ್ಳಲಿಲ್ಲವೇಕೆ ಎಂದು ಕೇಳಿದ್ದೀರಿ. ಸ್ಪೇನಿಗೆ ಅಮೆರಿಕ ಖಂಡದಲ್ಲಿ ವಿಶಾಲ ವಸಾಹತುಗಳಿದ್ದವು. ಬಂಡೆದ್ದವರಿಗೆ ಬಹಿರಂಗವಾಗಿ ಮಣೆ ಹಾಕಿದರೆ ತನ್ನ ಪ್ರಜೆಗಳೂ ಅದೇ ದಾರಿ ಹಿಡಿದಾರೆಂಬ ಅಳುಕು. ಮಿಸಿಸಿಪಿ ನದಿಯ ಸಂಚಾರದ ಹಕ್ಕಿನ ಜಗಳ ಬೇರೆ.

ಆದರೆ ಜೇ ಅವರನ್ನು ನಿಜಕ್ಕೂ ಹಿಂಡಿದ್ದು ಅವರದೇ ಕಾಂಗ್ರೆಸ್, ಅಂದರೆ ಅಮೆರಿಕದ ಪ್ರತಿನಿಧಿ ಸಭೆ, ಎನ್ನುತ್ತೇನೆ. 1780ರ ಜನವರಿಯಲ್ಲಿ ಅವರು ಸ್ಪೇನಿನ ಬಂದರು ಕಾಡಿಜ್ ತಲುಪುವ ಮೊದಲೇ, ಸ್ಪೇನ್ ಸಾಲ ಕೊಟ್ಟೇ ಕೊಡುತ್ತದೆಂದು ನಂಬಿ, ಅವರ ಹೆಸರಿಗೆ 1,00,000 ಪೌಂಡಿನ ಹುಂಡಿ (ತಂದವರಿಗೆ ಹಣ ಕೊಡಿ ಎಂಬ ಪತ್ರ) ಬರೆಯಲು ಅದು ನಿರ್ಧರಿಸಿಬಿಟ್ಟಿತ್ತು! ಹುಂಡಿಗಳು ಸಾಲುಸಾಲಾಗಿ ಬಂದವು, ಹಣ ಬರಲಿಲ್ಲ. ಸ್ಪೇನಿನ ಮಂತ್ರಿ ಫ್ಲೋರಿಡಾಬ್ಲಾಂಕಾ ಆಶ್ವಾಸನೆಯಲ್ಲೇ ದಿನ ನೂಕಿದರು. ಕೊನೆಗೆ ಸಿಕ್ಕಿದ್ದು ಸುಮಾರು 1,70,000 ಡಾಲರ್. ಅಂಚೆಯಲ್ಲಿ ಬಂದ ಪತ್ರಗಳನ್ನು ದಾರಿಯಲ್ಲೇ ಒಡೆದು ಓದಲಾಗುತ್ತಿತ್ತು. ಈ ನಡುವೆ ಮ್ಯಾಡ್ರಿಡ್‌ನಲ್ಲಿ ಹುಟ್ಟಿದ ಜೇ ಅವರ ಮಗಳು ಹಸುಗೂಸಾಗಿರುವಾಗಲೇ ತೀರಿಕೊಂಡಳು.

1782ರ ಮಾರ್ಚಿನಲ್ಲಿ ಹುಂಡಿಗಳನ್ನು ಪಾವತಿಸಲಾಗದೆ ಹಿಂತಿರುಗಿಸಬೇಕಾಯಿತು. ಪ್ಯಾರಿಸಿನಲ್ಲಿದ್ದ ಅಮೆರಿಕದ ರಾಯಭಾರಿ ಬೆಂಜಮಿನ್ ಫ್ರಾಂಕ್ಲಿನ್ ಹಣ ಹೊಂದಿಸಿ ಮಾನ ಉಳಿಸಿದರು. ಅದೇ ವರ್ಷ ಬ್ರಿಟನ್ನಿನೊಂದಿಗಿನ ಪ್ಯಾರಿಸ್ ಶಾಂತಿ ಸಂಧಾನಕ್ಕೆ ಹೋದ ಜೇ, ಸ್ಪೇನನ್ನೂ ಫ್ರಾನ್ಸನ್ನೂ ಅಷ್ಟೊಂದು ಅನುಮಾನಿಸಿದ್ದರ ಹಿಂದೆ ಈ ಅನುಭವದ ಕಹಿಯೂ ಇತ್ತು.