ಮಗುವಿಗೆ ಪದೇ ಪದೇ ನೆಗಡಿ: ರೋಗನಿರೋಧಕ ಶಕ್ತಿಯ ಕೊರತೆಯೇ?

ಮೂರು ವರ್ಷದ ಮಗ ಅಂಗನವಾಡಿಗೆ ಹೋಗತೊಡಗಿದಾಗಿನಿಂದ ಮೇಲಿಂದ ಮೇಲೆ ನೆಗಡಿ, ಇದು ರೋಗನಿರೋಧಕ ಶಕ್ತಿಯ ಕೊರತೆಯೇ, ಯಾವ ಪುಡಿ ಕೊಡಲಿ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಹುಟ್ಟಿನಿಂದಲೇ ಈ ಕೊರತೆ ಇರುವ ಹುಡುಗನ ತಂದೆ. ನೆಗಡಿ ತಾನಾಗಿಯೇ ಇಳಿದು, ಮಗು ಉಂಡು ಆಡಿಕೊಂಡು ತೂಕ ಏರುತ್ತಿದ್ದರೆ ಗಾಬರಿ ಬೇಡ. ಆ ವಯಸ್ಸಿಗೆ ವರ್ಷಕ್ಕೆ ಏಳೆಂಟು ನೆಗಡಿ ಮಾಮೂಲು.

ಒಂದೇ ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ, ಮತ್ತೆ ಮತ್ತೆ ಕಿವಿ ಸೋರುವುದು, ಔಷಧಿ ನಿಲ್ಲಿಸಿದ ಕೂಡಲೇ ಮರುಕಳಿಸುವ ಸೋಂಕು, ತೂಕ ಏರದಿರುವುದು: ಇವಿದ್ದರೆ ಅನುಮಾನಿಸಿ. ನನ್ನ ಮಗ ಮೊದಲ ಆರು ತಿಂಗಳು ಚೆನ್ನಾಗಿಯೇ ಇದ್ದ. ತಾಯಿಯಿಂದ ಬಂದ ಪ್ರತಿಕಾಯಗಳು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ರಕ್ತದ ಪ್ರೋಟೀನುಗಳು, ಕರಗಿದ ಮೇಲೆ ಕಾಯಿಲೆಗಳು ಶುರುವಾದವು. ಕೊನೆಗೆ ಒಬ್ಬ ಮಕ್ಕಳ ತಜ್ಞೆ ಬಾಯಿಗೆ ಟಾರ್ಚ್ ಹಿಡಿದು, "ಟಾನ್ಸಿಲ್ ಕಾಣಿಸುತ್ತಲೇ ಇಲ್ಲವಲ್ಲ" ಎಂದರು. ಸುಳಿವು ಸಿಕ್ಕಿದ್ದೇ ಅಲ್ಲಿ. ರಕ್ತಪರೀಕ್ಷೆಯಲ್ಲಿ ಪ್ರತಿಕಾಯಗಳೂ ಇರಲಿಲ್ಲ, ಅವನ್ನು ತಯಾರಿಸುವ ಬಿ ಕೋಶಗಳೂ ಇರಲಿಲ್ಲ. ಟಾನ್ಸಿಲ್ ಬಹುಪಾಲು ಈ ಕೋಶಗಳಿಂದಲೇ ಆದದ್ದು, ಅದಕ್ಕೇ ಕಾಣಿಸಿರಲಿಲ್ಲ. 1952ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಆಗ್ಡನ್ ಬ್ರೂಟನ್ ವಿವರಿಸಿದ ಕಾಯಿಲೆ ಇದು. ಎಕ್ಸ್ ವರ್ಣತಂತುವಿನ ಒಂದು ವಂಶವಾಹಿಯ ದೋಷವಾದ್ದರಿಂದ ಸಾಮಾನ್ಯವಾಗಿ ಗಂಡುಮಕ್ಕಳಿಗೇ ಬರುತ್ತದೆ.

ಚಿಕಿತ್ಸೆ ಎಂದರೆ ಇಲ್ಲದ ಪ್ರತಿಕಾಯವನ್ನು ಹೊರಗಿನಿಂದ ತುಂಬುವುದು. ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತಯಾರಾದ ಇಮ್ಯುನೊಗ್ಲೋಬ್ಯುಲಿನ್ ಅನ್ನು (ಪ್ರತಿಕಾಯಗಳ ದ್ರಾವಣ) ಮೂರು ನಾಲ್ಕು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಡುತ್ತಾರೆ. ಫ್ರಿಜ್‌ನಿಂದ ತೆಗೆದ ಬಾಟಲಿಯ ತಣುಪು ಹೋಗುವವರೆಗೆ ಕಾಯಬೇಕು, ನೊರೆ ಬರುತ್ತದೆಂದು ಅದನ್ನು ಕುಲುಕುವಂತಿಲ್ಲ. ಮೊದಲ ಅರ್ಧ ಗಂಟೆ ಹನಿ ತೀರಾ ನಿಧಾನ. ಚಳಿ, ತಲೆನೋವು ಬಂತೇ ಎಂದು ನರ್ಸ್ ನೋಡುತ್ತಲೇ ಇರುತ್ತಾರೆ. ಇದು ಜೀವನಪೂರ್ತಿ. ಬಾಯಿಗೆ ಹಾಕುವ ಪೋಲಿಯೊ ಹನಿಯಂಥ ಜೀವಂತ ಲಸಿಕೆಗಳು ಇಂಥ ಮಕ್ಕಳಿಗೆ ಸಲ್ಲವು.

ಸೋಂಕಿನ ವಿರುದ್ಧ ಹೋರಾಡುವ ಇನ್ನೊಂದು ಬಗೆಯ ಬಿಳಿ ರಕ್ತಕಣಗಳಾದ ಟಿ ಕೋಶಗಳೂ ಕೈಕೊಟ್ಟ ತೀವ್ರ ಬಗೆಯಲ್ಲಿ ಇಷ್ಟೇ ಸಾಲದು, ಅಸ್ಥಿಮಜ್ಜೆಯ ಕಸಿ ಬೇಕು. ಇಂಥ ಕೊರತೆಗೆ ಅದು ಮೊದಲು ಯಶಸ್ವಿಯಾದದ್ದು 1968ರಲ್ಲಿ. ಅಂಥ ಶಿಶುಗಳಿಗೆ ಕ್ಷಯದ ವಿರುದ್ಧ ಕೊಡುವ ಜೀವಂತ ಲಸಿಕೆ ಬಿಸಿಜಿಯೇ ಮುಳುವಾಗಬಹುದು. ಹುಟ್ಟಿದ ಮೇಲೆ ಬರುವ ಕೊರತೆಗಳೇ ಹೆಚ್ಚು: ಎಚ್‌ಐವಿ, ಕೀಮೋಥೆರಪಿ, ದೀರ್ಘಕಾಲದ ಸ್ಟೀರಾಯ್ಡ್, ಎಲ್ಲಕ್ಕಿಂತ ಮಿಗಿಲಾಗಿ ಅಪೌಷ್ಟಿಕತೆ. ಅಲ್ಲಿ ಮೂಲ ಕಾರಣಕ್ಕೇ ಮದ್ದು.

ಇನ್ನು ಪುಡಿಯ ವಿಚಾರ. ಕಷಾಯ ಕುಡಿಸಿದರೆ ನನ್ನ ತಕರಾರಿಲ್ಲ, ಆದರೆ ಇಲ್ಲದ ಬಿ ಕೋಶವನ್ನು ಯಾವ ಡಬ್ಬಿಯೂ ಹುಟ್ಟಿಸದು. ಅನುಮಾನವಿದ್ದರೆ ಆ ಹಣದಲ್ಲಿ ಐಜಿಜಿ, ಐಜಿಎ, ಐಜಿಎಂ ಎಂಬ ಮೂರು ಬಗೆಯ ಪ್ರತಿಕಾಯಗಳ ರಕ್ತಪರೀಕ್ಷೆ ಮಾಡಿಸಿ. ವರದಿಯನ್ನು ಮಗುವಿನ ವಯಸ್ಸಿನ ಮಟ್ಟಕ್ಕೇ ಹೋಲಿಸಬೇಕೆಂದು ವೈದ್ಯರಿಗೆ ನೆನಪಿಸಿ. ದೊಡ್ಡವರ ಅಂಕಿಗೆ ಹೋಲಿಸಿದರೆ ಆರೋಗ್ಯವಂತ ಮಗುವಿಗೂ ಕೊರತೆ ಇರುವಂತೆ ಕಾಣುತ್ತದೆ.