ಸುಣ್ಣದ ದಿಬ್ಬದ ಮೇಲೆ ಗಿಡ ಯಾಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ನಮ್ಮೂರು ಹೊಸದುರ್ಗ ತಾಲ್ಲೂಕಿನಲ್ಲಿದೆ. ಊರ ಪಕ್ಕ ಹಿಂದೆ ಸುಣ್ಣದಕಲ್ಲು ತೆಗೆದು ಸುಡುತ್ತಿದ್ದರು. ಅದು ನಿಂತು ಇಪ್ಪತ್ತು ವರ್ಷ ಆಯಿತು. ಗೂಡಿನ ಬಿಳಿ ತ್ಯಾಜ್ಯ ಎರಡು ಎಕರೆಯಲ್ಲಿ ದಿಬ್ಬವಾಗಿ ಬಿದ್ದಿದೆ. ಎರಡು ಅಡಿ ಗುಂಡಿ ತೆಗೆದು, ಕೆಮ್ಮಣ್ಣು, ಗೊಬ್ಬರ ತುಂಬಿ ಹೊಂಗೆ, ಬೇವು ನೆಟ್ಟೆವು. ಒಂದು ವರ್ಷ ಚೆನ್ನಾಗಿದ್ದವು. ಆಮೇಲೆ ಎಲೆ ಹಳದಿಯಾಗಿ ಒಣಗಿದವು. ಜಿಪ್ಸಂ ಹಾಕಿ ಅನ್ನುತ್ತಾರೆ. ಎಷ್ಟು ಹಾಕಬೇಕು?

ಉತ್ತರ: ಜಿಪ್ಸಂಗೆ ಇಟ್ಟ ದುಡ್ಡು ಸದ್ಯ ಹಾಗೇ ಇರಲಿ.

ನಿಮ್ಮ ದಿಬ್ಬದ ತೊಂದರೆ ಕ್ಷಾರ. ಆದರೆ ಕ್ಷಾರ ಅಂದರೆ ಎಲ್ಲ ಒಂದೇ ಅಲ್ಲ. ದಾವಣಗೆರೆ ಕಡೆ ಭದ್ರಾ ನಾಲೆ ಕೆಳಗೆ ಕಾಣುವ ಚೌಳು ಭೂಮಿಯಲ್ಲಿ ತೊಂದರೆ ಕೊಡುವುದು ಹೆಚ್ಚಾಗಿ ಸೋಡಿಯಂ. ಬಾಕ್ಸೈಟ್‌ನಿಂದ ಅಲ್ಯುಮಿನಾ ತೆಗೆದ ಮೇಲೆ ಉಳಿಯುವ ಕೆಂಪು ಕೆಸರಿನಲ್ಲೂ ಅದೇ, ಯಾಕೆಂದರೆ ಅಲ್ಲಿ ಕಾಸ್ಟಿಕ್ ಸೋಡಾ ಬಳಸುತ್ತಾರೆ. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಆ ಸೋಡಿಯಂ ಅನ್ನು ಮಣ್ಣಿನಿಂದ ಬಿಡಿಸುತ್ತದೆ, ನೀರು ಅದನ್ನು ತೊಳೆದುಕೊಂಡು ಹೋಗುತ್ತದೆ. ನಿಮ್ಮ ದಿಬ್ಬದಲ್ಲಿ ಇರುವುದೇ ಕ್ಯಾಲ್ಸಿಯಂ. ಅದಕ್ಕೆ ಇನ್ನಷ್ಟು ಕ್ಯಾಲ್ಸಿಯಂ ಸುರಿದು ಏನು ಪ್ರಯೋಜನ?

ಗಿಡ ಸತ್ತಿದ್ದು ಗುಂಡಿಯಿಂದಲೇ ಅನ್ನಿಸುತ್ತದೆ. ಸುಣ್ಣ ಗಾಳಿಗೆ ತೆರೆದುಕೊಂಡರೆ ನಿಧಾನವಾಗಿ ಮತ್ತೆ ಸುಣ್ಣದಕಲ್ಲೇ ಆಗುತ್ತದೆ. ಆಗ ಅದರ ಪಿಎಚ್, ಅಂದರೆ ಕ್ಷಾರದ ಅಳತೆ, 8ರ ಆಸುಪಾಸಿಗೆ ಇಳಿಯುತ್ತದೆ. ಇಪ್ಪತ್ತು ವರ್ಷದಲ್ಲಿ ಮೇಲೆ ಒಂದು ಗಟ್ಟಿ ಹೆಪ್ಪು ಕಟ್ಟಿದೆ. ಆದರೆ ಒಳಗೆ ಗಾಳಿ ಹೋಗಿಲ್ಲ. ಅಲ್ಲಿ ಹಸಿ ಸುಣ್ಣ ಹಾಗೇ ಇರಬಹುದು, ಪಿಎಚ್ 12ರ ಮೇಲೆ. ಪಿಎಚ್ ಒಂದು ಅಂಕ ಏರಿದರೆ ಕ್ಷಾರ ಹತ್ತು ಪಟ್ಟು ಜಾಸ್ತಿ. 9ಕ್ಕೂ 12ಕ್ಕೂ ನಡುವೆ ಸಾವಿರ ಪಟ್ಟು ವ್ಯತ್ಯಾಸ! ಕೆಮ್ಮಣ್ಣು ಇರುವಷ್ಟು ದಿನ ಬೇರಿಗೆ ಹಿತವಿತ್ತು. ಗುಂಡಿಯ ಗೋಡೆ ಮುಟ್ಟಿದ ದಿನ ಮುಗಿಯಿತು. ಕಬ್ಬಿಣ, ಸತು, ರಂಜಕ ಮಣ್ಣಿನಲ್ಲಿದ್ದರೂ ಗಿಡಕ್ಕೆ ಸಿಗಲಿಲ್ಲ. ಎಲೆ ಹಳದಿಯಾಗಿದ್ದು ಅದಕ್ಕೇ.

ಆಸಿಡ್ ಸುರಿಯುವ ಸಲಹೆಯೂ ಬರಬಹುದು. ದಯವಿಟ್ಟು ಬೇಡ. ಪಿಎಚ್ ಎರಡು ದಿನ ಇಳಿಯುತ್ತದೆ, ಒಳಗಿನ ಸುಣ್ಣ ಕರಗಿ ಮತ್ತೆ ಏರುತ್ತದೆ.

ಹಾಗಾದರೆ ಏನು ಮಾಡಬೇಕು? ದಿಬ್ಬ ಅಗೆಯಬೇಡಿ, ಮುಚ್ಚಿ. ಮೊದಲು ಮೇಲೆ ಇಳಿಜಾರು ಮಾಡಿಕೊಳ್ಳಿ, ನೀರು ನಿಲ್ಲಬಾರದು. ಆಮೇಲೆ ಅರ್ಧ ಅಡಿ ದಪ್ಪ ಜಲ್ಲಿ ಹಾಸಿ. ಬೇಸಿಗೆಯಲ್ಲಿ ಕೆಳಗಿನ ಕ್ಷಾರದ ನೀರು ಮಣ್ಣಿಗೆ ಏರುವುದನ್ನು ಅದು ತಡೆಯುತ್ತದೆ. ನಮ್ಮ ಬಯಲುಸೀಮೆಯ ಬಿಸಿಲಿಗೆ ಇದು ತುಂಬಾ ಮುಖ್ಯ, ಇದನ್ನು ಬಿಟ್ಟರೆ ಮಿಕ್ಕಿದ ಕೆಲಸ ಸುಮ್ನೆ ಹೋಗುತ್ತದೆ. ಅದರ ಮೇಲೆ ಎರಡು ಅಡಿ ಮಣ್ಣು, ಕೆರೆ ಹೂಳು, ಕೊಟ್ಟಿಗೆ ಗೊಬ್ಬರ. ಹೂಳೂ ಒಮ್ಮೊಮ್ಮೆ ಚೌಳಾಗಿರುತ್ತದೆ, ಪರೀಕ್ಷೆ ಮಾಡಿಸಿಯೇ ತನ್ನಿ. ಮೊದಲೆರಡು ವರ್ಷ ಗರಿಕೆ, ಹಸಿರೆಲೆ ಗೊಬ್ಬರದ ಡಯಂಚಾ ಸಾಕು. ಮರದ ಆಸೆ ಆಮೇಲೆ. ಬಳ್ಳಾರಿ ಜಾಲಿ ಬೇಗ ಹಸಿರಾಗುತ್ತದೆ ನಿಜ, ಆದರೆ ಕೆಲವೇ ವರ್ಷದಲ್ಲಿ ಪಕ್ಕದ ಹೊಲಕ್ಕೂ ನುಗ್ಗುತ್ತದೆ.

ನೀರಿನ ವಿಷಯ ಇನ್ನೂ ದೊಡ್ಡದು. ಇಂಗ್ಲೆಂಡಿನ ಕಾನ್ಸೆಟ್‌ನಲ್ಲಿ ಉಕ್ಕಿನ ಕಾರ್ಖಾನೆ 1980ರಲ್ಲಿ ಮುಚ್ಚಿತು. ಅದರ ಕುಲುಮೆಯಿಂದ ಬಂದ ಕಿಟ್ಟದ (ಸ್ಲ್ಯಾಗ್) ದಿಬ್ಬದಲ್ಲೂ ಸುಣ್ಣದ ಅಂಶವಿತ್ತು. ದಶಕಗಳು ಕಳೆದರೂ ಅಲ್ಲಿಂದ ಪಿಎಚ್ 12ರಂಥ ನೀರು ಜಿನುಗುತ್ತಿತ್ತು. ಹಸಿರು ಕಂಡ ಕೂಡಲೇ ಕೈಬಿಡಬಾರದು ಅನ್ನುವುದು ಇದಕ್ಕೇ. ದಿಬ್ಬದ ಬುಡದಲ್ಲಿ ಕಾಲುವೆ ತೋಡಿ, ಜಿನುಗು ನೀರನ್ನು ಜೊಂಡು ಬೆಳೆಸಿದ ಸಣ್ಣ ಹೊಂಡಕ್ಕೆ ಬಿಡಿ. ಗಾಳಿ ತಾಗಿ ಸುಣ್ಣ ಅಲ್ಲೇ ಕಲ್ಲುಕಟ್ಟುತ್ತದೆ. ಹತ್ತಿರದ ಬಾವಿ, ಬೋರ್‌ವೆಲ್ ನೀರನ್ನು ಮಳೆಗೆ ಮೊದಲು ಒಮ್ಮೆ, ಮಳೆ ಆದ ಮೇಲೆ ಒಮ್ಮೆ, ಪ್ರತಿ ವರ್ಷ ಪರೀಕ್ಷೆ ಮಾಡಿಸಿ.

ಈ ವಾರವೇ ಮಾಡಬಹುದಾದ ಕೆಲಸ ಒಂದಿದೆ. ಮೇಲಿನ ಹೆಪ್ಪು, ಎರಡು ಅಡಿ ಆಳದ ಬಿಳಿ ಮಣ್ಣು, ಒಣಗಿದ ಗಿಡದ ಬುಡದ ಮಣ್ಣು, ಮೂರನ್ನೂ ಬೇರೆ ಬೇರೆ ಚೀಲದಲ್ಲಿ ಹಿರಿಯೂರು ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ಕೇಳಿ. ಪಿಎಚ್ ಜೊತೆಗೆ ಸೋಡಿಯಂ ಕೂಡ ನೋಡಿಸಿ. ಸೋಡಿಯಂ ಜಾಸ್ತಿ ಬಂದರೆ ನನಗೆ ಮತ್ತೆ ಬರೆಯಿರಿ, ಜಿಪ್ಸಂ ಲೆಕ್ಕ ಆಗ ಹಾಕೋಣ. ಮಣ್ಣು ತೆಗೆಯುವಾಗ ಕೈಗವಸು, ಕನ್ನಡಕ ಇರಲಿ. ಒದ್ದೆ ಸುಣ್ಣ ಚರ್ಮ ಸುಡುತ್ತದೆ. ಕಣ್ಣಿಗೆ ಬಿದ್ದರೆ ತುಂಬಾ ಹೊತ್ತು ನೀರು ಹಾಕಿ ತೊಳೆದು, ತಕ್ಷಣ ಆಸ್ಪತ್ರೆಗೆ ಹೋಗಿ. ಮಕ್ಕಳು ಅಲ್ಲಿ ಆಡದಂತೆ ಮುಳ್ಳುಬೇಲಿ ಮಾತ್ರ ನಾಳೆಯೇ ಹಾಕಿಸಿ.